ಮೊದಲ ಸಾಲಿನಲ್ಲೇ ಕೃಷ್ಣಪ್ಪ

ಯಲಹಂಕ ಉಪನಗರ

ಚಿ. ಸಹನಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ದೊಡ್ಡಮ್ಮ ಹುರಿಗಾಳು ಮಾಡಿ ಡಬ್ಬಿಗೆ ತುಂಬಿಟ್ಟಿದ್ದಾಳೆ, ನೀನು ಯಾವ ಭಾನುವಾರ ಬರುತ್ತೀಯೋ ಅಂತ ಕಾಯುತ್ತಿದ್ದಾಳೆ. ಆರ್.ಟಿ. ನಗರಕ್ಕೂ ಯಲಹಂಕಕ್ಕೂ ನಡುವೆ ಇರುವುದು ಒಂದು ಹೆಬ್ಬಾಳ ಮೇಲ್ಸೇತುವೆ, ಅದಕ್ಕೆ ಕಾಗದ ಬೇರೆಯಾ ಅಂತ ನೀನು ನಗುತ್ತೀಯ, ಗೊತ್ತು. ಫೋನಿನಲ್ಲಾದರೆ ‘ಹೂಂ ದೊಡ್ಡಪ್ಪ, ಸರಿ ದೊಡ್ಡಪ್ಪ’ ಅಂದು ಎರಡು ನಿಮಿಷಕ್ಕೆ ಮುಗಿಸಿಬಿಡುತ್ತೀಯ. ಕಾಗದವಾದರೆ ನಾನು ನಿಧಾನವಾಗಿ ಹೇಳಬಹುದು, ನೀನೂ ಬಿಡುವಾದಾಗ ಓದಬಹುದು.

ನೀನು ಕಳಿಸಿದ ಫೋಲ್ಡರನ್ನು ಊಟವಾದ ಮೇಲೆ ಕೂತು ನೋಡಿದೆ. ಯಶವಂತಪುರದ ಈರುಳ್ಳಿ ಮಂಡಿಗೆ ಚೀಟಿ ಬರೆಯುವ ತಂತ್ರಾಂಶ ಮಾಡಿಕೊಡುತ್ತೇವೆ ಅಂತ ನೀವು ಮೂವರು ಗೆಳತಿಯರು ಹೊರಟಾಗ, ಹಗಲೆಲ್ಲ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡಿ ಬರುವ ಹುಡುಗಿಯರು ಇದನ್ನು ಯಾವಾಗ ಮುಗಿಸುತ್ತಾರೋ ಅನ್ನಿಸಿತ್ತು. ಡಾಕರ್ ಕಂಪೋಸ್ ಕಡತ ತೆರೆದು ನೋಡಿದ ಮೇಲೆ ಆ ಅನುಮಾನ ಹೋಯಿತು. ಅಚ್ಚುಕಟ್ಟಾಗಿದೆ ಕಣಮ್ಮ. ವೆಬ್ ಒಂದು ಕಂಟೇನರ್, ಪೋಸ್ಟ್‌ಗ್ರೆಸ್ ಒಂದು, ಚೀಟಿಯ ಪಿಡಿಎಫ್ ಮಾಡುವುದು ಇನ್ನೊಂದು. ಕಂಟೇನರಿನ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ ಹೊರತು ನಿನ್ನ ಲ್ಯಾಪ್‌ಟಾಪ್ ಅಲ್ಲ ಅನ್ನುವುದು ಎಷ್ಟೋ ಅನುಭವಸ್ಥರಿಗೂ ಹೊಳೆಯುವುದಿಲ್ಲ. ನೀನು ಆ ಜಾಗದಲ್ಲಿ ‘ಡಿಬಿ’ ಅಂತ ಸೇವೆಯ ಹೆಸರನ್ನೇ ಬರೆದಿದ್ದೀಯ. ಡೇಟಾಬೇಸ್ ಶುರುವಾಗುವುದು ಬೇರೆ, ಕೆಲಸಕ್ಕೆ ಸಿದ್ಧವಾಗುವುದು ಬೇರೆ ಅಂತ ತಿಳಿದು ಹೆಲ್ತ್‌ಚೆಕ್ ಹಾಕಿದ್ದೀಯ. ಪೋಸ್ಟ್‌ಗ್ರೆಸ್‌ಗೆ ‘ಲೇಟೆಸ್ಟ್’ ಅನ್ನದೆ ಆವೃತ್ತಿಯ ಸಂಖ್ಯೆ ಬರೆದದ್ದೂ ಒಳ್ಳೆಯದಾಯಿತು. 15ರಲ್ಲಿ ಬರೆದಿಟ್ಟ ದತ್ತಾಂಶವನ್ನು 16 ಹಾಗೇ ತೆರೆಯುವುದಿಲ್ಲ. ‘ಲೇಟೆಸ್ಟ್’ ಅಂತ ಬಿಟ್ಟವರು ಯಾವುದೋ ಒಂದು ಸೋಮವಾರ ಬೆಳಿಗ್ಗೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಎಲ್ಲಕ್ಕಿಂತ ಹಿಡಿಸಿದ್ದು ಪೋರ್ಟಿನ ಸಾಲು. ಬರೀ 5432 ಅನ್ನದೆ ಅದರ ಮುಂದೆ 127.0.0.1 ಸೇರಿಸಿದ್ದೀಯಲ್ಲ, ಅದು. ಲಿನಕ್ಸಿನಲ್ಲಿ ಡಾಕರ್ ತೆರೆದ ಪೋರ್ಟು ಯುಎಫ್‌ಡಬ್ಲ್ಯೂ ಫೈರ್‌ವಾಲ್ ಕಟ್ಟಿದ ಬೇಲಿಯನ್ನು ಕೇಳುವುದಿಲ್ಲ, ಅದನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಪಿ.ಜಿ.ಯ ವೈಫೈಯಲ್ಲಿ ಅಷ್ಟು ಜನ ಇರುವಾಗ ಡೇಟಾಬೇಸಿನ ಬಾಗಿಲು ತೆರೆದಿಟ್ಟು ಮಲಗುವುದು ತರವಲ್ಲ.

ನಮ್ಮ ಕಾಲದಲ್ಲಿ ಇದು ಯಾವುದೂ ಇರಲಿಲ್ಲ. ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ವಾರವೆಲ್ಲ ಅವರ ಮೆಷಿನ್ ಸಜ್ಜು ಮಾಡುವುದರಲ್ಲೇ ಕಳೆಯುತ್ತಿತ್ತು. ಯಾರೋ ಬರೆದಿಟ್ಟ ಟಿಪ್ಪಣಿ ಹಿಡಿದುಕೊಂಡು ಇದನ್ನು ಹಾಕು, ಅದನ್ನು ತೆಗೆ, ಈ ಆವೃತ್ತಿ ಅಲ್ಲ ಆ ಆವೃತ್ತಿ. ಕೊನೆಗೆ ಬರುತ್ತಿದ್ದ ಮಾತು ಒಂದೇ: ‘ನನ್ನ ಮೆಷಿನ್ನಲ್ಲಿ ನಡೀತಾ ಇದೆಯಲ್ಲ!’ ಪ್ರೋಗ್ರಾಮನ್ನು ಬೇರೆ ಕೂರಿಸುವ ಯೋಚನೆ ಮಾತ್ರ ಹಳೆಯದು. 1979ರ ಯೂನಿಕ್ಸಿನಲ್ಲೇ ಸಿಎಚ್‌ರೂಟ್ ಅಂತ ಒಂದಿತ್ತು. ಪ್ರೋಗ್ರಾಮಿಗೆ ಡಿಸ್ಕಿನ ಒಂದು ಮೂಲೆಯನ್ನಷ್ಟೇ ತೋರಿಸಿ ಇದೇ ನಿನ್ನ ಜಗತ್ತು ಅನ್ನುವುದು ಅದರ ಕೆಲಸ. ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಅಂತ ಪಾಲು ಹಾಕುವ ಸಿ-ಗ್ರೂಪ್ಸ್ 2008ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿತು. 2013ರ ಮಾರ್ಚಿನಲ್ಲಿ ಅಮೆರಿಕದ ಪೈಕಾನ್ ಸಮ್ಮೇಳನದಲ್ಲಿ ಸಾಲಮನ್ ಹೈಕ್ಸ್ ಅನ್ನುವವರು ಕೆಲವೇ ನಿಮಿಷಗಳ ಒಂದು ಪುಟ್ಟ ಭಾಷಣದಲ್ಲಿ ಡಾಕರನ್ನು ತೋರಿಸಿದರು. ಕರ್ನಲ್ಲಿನಲ್ಲಿ ಇದ್ದದ್ದನ್ನೇ ಸಾಮಾನ್ಯರ ಕೈಗೆ ಸಿಗುವಂತೆ ಮಾಡಿದ್ದು ಅವರ ಜಾಣತನ. ಈಗ ನಿನ್ನ ಗೆಳತಿಯರಲ್ಲಿ ಯಾರು ಬೇಕಾದರೂ ‘ಡಾಕರ್ ಕಂಪೋಸ್ ಅಪ್’ ಅಂದರೆ ಇಡೀ ಮಂಡಿ ಎದ್ದು ಕೂರುತ್ತದೆ. ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಇನ್ನು ನನಗೆ ಕಳವಳವಾದ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಹಳೆಯ ಮಾತು.

ನೀನು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಕಾಲ. ಕನ್ನಡದಲ್ಲಿ ಏನಾದರೂ ಬೆರಳಚ್ಚು ಮಾಡಬೇಕೆಂದರೆ ‘ಬರಹ’ ತಂತ್ರಾಂಶ, ಇಲ್ಲವೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ ಆದರೂ ಅದು ನಮ್ಮ ಕಚೇರಿಗಳ ಮೇಜಿಗೆ ಬರುವಷ್ಟರಲ್ಲಿ ಬಹಳ ವರ್ಷ ಕಳೆದಿತ್ತು. ಅಲ್ಲಿಯವರೆಗೆ ನಡೆಯುತ್ತಿದ್ದದ್ದು ಒಂದು ಕಣ್ಕಟ್ಟು: ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಫಾಂಟು. ಆ ಫಾಂಟು ಇರುವ ಮೆಷಿನ್ನಿನಲ್ಲಿ ಮುದ್ದಾದ ಕನ್ನಡ. ಅದೇ ಕಡತವನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಮಲ್ಲೇಶ್ವರದ ಅಚ್ಚಿನ ಮನೆಗೆ ಹೋಗಿ ತೆರೆದರೆ, ಅಡ್ಡಗೆರೆ, ಬಾಲ, ಕೊಂಬು ಇರುವ ಯುರೋಪಿನ ಅಕ್ಷರಗಳ ಸಂತೆ. ತಪ್ಪು ಕಡತದಲ್ಲಿ ಮೊದಲಿನಿಂದಲೂ ಇತ್ತು. ನಮ್ಮ ಮೆಷಿನ್ನು ಅದನ್ನು ಮುಚ್ಚಿಟ್ಟಿತ್ತು, ಅಷ್ಟೇ.

ನಿನ್ನ ಲ್ಯಾಪ್‌ಟಾಪೂ ಈಗ ಅದನ್ನೇ ಮಾಡುತ್ತಿದೆ. ಬ್ರೌಸರಿನಲ್ಲಿ ಪುಟ ತೆರೆದಾಗ ಕನ್ನಡ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಬ್ರೌಸರು ಇರುವುದು ಕಂಟೇನರಿನ ಹೊರಗೆ, ಫಾಂಟು ನಿನ್ನ ಲ್ಯಾಪ್‌ಟಾಪಿನದು. ಚೀಟಿಯ ಪಿಡಿಎಫ್ ತಯಾರಾಗುವುದು ಒಳಗೆ. ಅದನ್ನು ಮಾಡುವ ಕ್ರೋಮಿಯಂ ಬ್ರೌಸರಿಗೆ ನೀನು ಆರಿಸಿಕೊಂಡ ‘ಸ್ಲಿಮ್’ ಇಮೇಜಿನಲ್ಲಿ ಕನ್ನಡದ ಒಂದು ಫಾಂಟೂ ಇಲ್ಲ. ಈ ಇಮೇಜುಗಳು ಹೊಸ ಬಾಡಿಗೆ ಮನೆಯ ಹಾಗೆ. ಬಲ್ಬಿನ ಹೋಲ್ಡರ್ ಇರುತ್ತದೆ, ಬಲ್ಬು ನಾವೇ ತರಬೇಕು. ಹಾಗಾದರೆ ನಿಮಗೆ ಮೂವರಿಗೂ ಇದು ಯಾಕೆ ಕಾಣಲಿಲ್ಲ ಅಂತ ಪರೀಕ್ಷೆಯ ದತ್ತಾಂಶದ ಕಡತ ತೆರೆದೆ. ಅಲ್ಲಿ ಸಿಕ್ಕರು ನಿನ್ನ ರೈತರು: ‘ಟೆಸ್ಟ್ ಫಾರ್ಮರ್ ಒಂದು’, ‘ಟೆಸ್ಟ್ ಫಾರ್ಮರ್ ಎರಡು’, ರಮೇಶ್, ಸುರೇಶ್, ಒಬ್ಬ ಜಾನ್. ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ! ಇವರಲ್ಲಿ ಯಾರಾದರೂ ಯಶವಂತಪುರಕ್ಕೆ ಈರುಳ್ಳಿ ತಂದವರಿದ್ದಾರೇನೇ? ನಾನೂ ವರ್ಷಗಟ್ಟಲೆ ರಮೇಶ್-ಸುರೇಶರನ್ನೇ ಸಾಕಿದವನು, ಹಾಗಾಗಿ ಬೈಯುವ ಅಧಿಕಾರ ನನಗಿಲ್ಲ.

ಒಮ್ಮೆ ‘ಕೃಷ್ಣಪ್ಪ, ಚಳ್ಳಕೆರೆ’ ಅಂತ ಕನ್ನಡದಲ್ಲಿ ಸೇರಿಸಿ ಚೀಟಿ ತೆಗೆದು ನೋಡು. ಹೆಸರಿರಬೇಕಾದ ಕಡೆ ಸಾಲಾಗಿ ಖಾಲಿ ಚೌಕಗಳು ಬರುತ್ತವೆ. ಪರಿಹಾರ ಡಾಕರ್‌ಫೈಲಿನಲ್ಲಿ ಒಂದು ಸಾಲು. ಡೆಬಿಯನ್ನಿನಲ್ಲಿ ಕನ್ನಡದ ಫಾಂಟುಗಳ ಪೊಟ್ಟಣಗಳೇ ಇವೆ, ಒಂದರ ಹೆಸರು ಗುಬ್ಬಿ, ಇನ್ನೊಂದರದು ನವಿಲು. ನೋಟೊ ಹಾಕಿದರೂ ನಡೆಯುತ್ತದೆ. ನನ್ನನ್ನು ಕೇಳಿದರೆ ಗುಬ್ಬಿಯೇ ಸಾಕು, ಹಗುರವಾಗಿದೆ. ಮುಂದೆ ಯಾವಾಗಲಾದರೂ ಕ್ರೋಮಿಯಂ ಬಿಟ್ಟು ಬೇರೆ ಪಿಡಿಎಫ್ ಲೈಬ್ರರಿಗೆ ಹೋಗುವುದಾದರೆ, ಅದು ಒತ್ತಕ್ಷರವನ್ನು ಕೆಳಗೆ ಕೂರಿಸುತ್ತದೋ ಇಲ್ಲ ಪಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲಿಸುತ್ತದೋ ಅನ್ನುವುದನ್ನು ಮೊದಲು ನೋಡು. ಫಾಂಟು ಇದ್ದ ಮಾತ್ರಕ್ಕೆ ಅಕ್ಷರ ಜೋಡಿಸಲು ಬರುತ್ತದೆ ಅಂತಲ್ಲ.

ಹೊತ್ತಿನ ವಿಚಾರ ಇನ್ನೂ ಸೂಕ್ಷ್ಮ. ನಿನ್ನ ತಾತ ಯಶವಂತಪುರದ ಮಂಡಿಯಲ್ಲಿ ಗುಮಾಸ್ತರಾಗಿದ್ದವರು, ನೀನು ಅವರನ್ನು ನೋಡಿಲ್ಲ. ನಾವು ಆಗ ಮತ್ತೀಕೆರೆಯಲ್ಲಿದ್ದೆವು. ರಾತ್ರಿಯ ಪಾಳಿ ಇದ್ದಾಗ ಬೆಳಗ್ಗೆ ನಾನು ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತಿದ್ದೆ. ಚಿತ್ರದುರ್ಗ, ಗದಗ, ಬಿಜಾಪುರದ ಕಡೆಯಿಂದ ಲಾರಿಗಳು ಬೆಳಗಿನ ಜಾವಕ್ಕೆ ಬಂದು ನಿಂತಿರುತ್ತಿದ್ದವು. ಹಮಾಲಿಗಳು ಮೂಟೆ ಇಳಿಸುತ್ತಿದ್ದರು. ಅಪ್ಪ ಮರದ ಇಳಿಜಾರು ಮೇಜಿನ ಮುಂದೆ ಕೂತು ಕಿರ್ದಿ ಪುಸ್ತಕದಲ್ಲಿ ಬರೆಯುತ್ತಿದ್ದರು. ರಾತ್ರಿ ಹತ್ತರ ಮೇಲೆ ಬಂದ ಲಾರಿಯನ್ನು ಮಾರನೆಯ ದಿನದ ಪುಟದಲ್ಲಿ ಬರೆಯುವುದು ಅವರ ಪದ್ಧತಿ. ಯಾಕಪ್ಪಾ ಅಂದರೆ, ‘ಹರಾಜು ನಾಳೆ ತಾನೆ, ಈರುಳ್ಳಿಗೆ ಬೆಲೆ ಬಂದ ದಿನವೇ ಅದರ ದಿನ’ ಅನ್ನುತ್ತಿದ್ದರು.

ನಿನ್ನ ಕಂಟೇನರಿಗೆ ಹರಾಜಿನ ದಿನ ಹಾಗಿರಲಿ, ಭಾರತದ ದಿನವೇ ಗೊತ್ತಿಲ್ಲ. ಅದರ ಗಡಿಯಾರ ಯುಟಿಸಿಯಲ್ಲಿದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ 4 ಗಂಟೆಗೆ ಇಳಿದ ಲಾರಿ ಅದರ ಲೆಕ್ಕದಲ್ಲಿ ಹಿಂದಿನ ರಾತ್ರಿ 10.30ಕ್ಕೆ ಇಳಿದಿರುತ್ತದೆ, ದಿನಾಂಕ ಒಂದು ಹಿಂದೆ. ನೀವು ಮೂವರೂ ಪರೀಕ್ಷೆ ಮಾಡುವುದು ಸಂಜೆ ಆಫೀಸು ಮುಗಿಸಿ ಬಂದ ಮೇಲೆ. ಸಂಜೆ ಏಳಕ್ಕೆ ಎರಡು ದಿನಾಂಕವೂ ಒಂದೇ ಆಗಿರುವುದರಿಂದ ಈ ದೋಷ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮಂಡಿಯಲ್ಲಿ ಮಾತ್ರ ದಿನಾ ಬೆಳಿಗ್ಗೆ ಬೀಳುತ್ತದೆ. ಕಂಪೋಸ್ ಕಡತದಲ್ಲಿ ‘ಏಷ್ಯಾ/ಕೋಲ್ಕತಾ’ ಅಂತ ಬರೆದರೆ ಅರ್ಧ ಕೆಲಸವಾಯಿತು ಅಂದುಕೋ. ಕೆಲವು ಪುಟ್ಟ ಇಮೇಜುಗಳಲ್ಲಿ ಕಾಲವಲಯಗಳ ಪಟ್ಟಿಯೇ ಇರುವುದಿಲ್ಲ. ಆಗ ಹೆಸರು ಬರೆದಿದ್ದರೂ ಚಕಾರವೆತ್ತದೆ ಯುಟಿಸಿಗೇ ಹೋಗಿ ಕೂರುತ್ತದೆ. ಪೋಸ್ಟ್‌ಗ್ರೆಸ್‌ನದೂ ಬೇರೆ ಗಡಿಯಾರ. ಕ್ಷಣವನ್ನು ವಲಯದ ಸಮೇತ ಉಳಿಸಿಡು, ಅದು ಯಾವ ದಿನ ಅನ್ನುವುದನ್ನು ನಿನ್ನ ಕೋಡಿನಲ್ಲಿ ಸ್ಪಷ್ಟವಾಗಿ ಭಾರತದ ಸಮಯಕ್ಕೆ ತಂದು ನಿರ್ಧರಿಸು. ಅದಕ್ಕೂ ಮೊದಲು ಮಂಡಿಯವರನ್ನು ಕೇಳು, ಈಗ ಅವರು ರಾತ್ರಿಯ ಲಾರಿಯನ್ನು ಯಾವ ಪುಟದಲ್ಲಿ ಬರೆಯುತ್ತಾರೆ ಅಂತ. ಅದನ್ನು ಯಾವ ಡಾಕರೂ ಹೇಳಿಕೊಡುವುದಿಲ್ಲ.

ಕೃಷ್ಣಪ್ಪನವರ ವಿಚಾರ ಇನ್ನೂ ಮುಗಿದಿಲ್ಲ. ನಮ್ಮ ಕಣ್ಣಿಗೆ ಆ ಹೆಸರು ಮೂರು ಅಕ್ಷರ: ಕೃ, ಷ್ಣ, ಪ್ಪ. ಯೂನಿಕೋಡಿಗೆ ಅದು ಎಂಟು ಸಂಕೇತ, ಯುಟಿಎಫ್-8ರಲ್ಲಿ 24 ಬೈಟು. ಚೀಟಿಯ ಅಗಲಕ್ಕೆ ಹೊಂದಿಸಲು ನೀನು ಹೆಸರನ್ನು ಇಷ್ಟು ‘ಕ್ಯಾರೆಕ್ಟರ್’ಗೆ ಕತ್ತರಿಸುತ್ತಿದ್ದೀಯಲ್ಲ, ಅದು ಏಳಕ್ಕೆ ಬಂದು ನಿಂತರೆ ಅವರು ‘ಕೃಷ್ಣಪ್’ ಆಗುತ್ತಾರೆ. ಚಳ್ಳಕೆರೆಯಿಂದ ಲಾರಿಯಲ್ಲಿ ಕೂತು ಬಂದ ಮನುಷ್ಯನಿಗೆ ಅವನ ಹೆಸರನ್ನೇ ಮುರಿದು ಕೊಡುವುದು ಚೆಂದವಲ್ಲ. ಹುಡುಕುವಾಗಲೂ ಹೀಗೇ. ದೀರ್ಘದ ‘ೀ’ಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಗುಡಿಸಿನ ಮುಂದೆ ದೀರ್ಘದ ಗುರುತು ಸೇರಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ‘ಸೂರ್ಯ’ವನ್ನು ಅರ್ಕಾವೊತ್ತಿನಲ್ಲಿ ಬರೆದವರೂ ಇರುತ್ತಾರೆ, ರ-ಕ್ಕೆ ಯ-ಒತ್ತು ಕೊಟ್ಟು ಬರೆದವರೂ ಇರುತ್ತಾರೆ, ಒಬ್ಬರದನ್ನು ಹುಡುಕಿದರೆ ಇನ್ನೊಬ್ಬರದು ಸಿಗದು. ಒಳಗೆ ಬರುವಾಗಲೇ ಎಲ್ಲವನ್ನೂ ಒಂದು ರೂಪಕ್ಕೆ ತರುವುದು ವಾಸಿ.

ಊರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದಾಗ ‘ಳ’ ಎಲ್ಲಿ ಕೂತಿದೆ ಅಂತಲೂ ನೋಡು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ ಆದ ಮೇಲೆ, ಕಟ್ಟಕಡೆಗೆ. ಯೂನಿಕೋಡಿನ ಸಂಖ್ಯೆಗಳ ಸಾಲಿನಲ್ಲಿ ‘ಲ’ದ ಬೆನ್ನಿಗೇ ಇದೆ. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಬಸವಕಲ್ಯಾಣಕ್ಕಿಂತ ಮೊದಲು ಬಳ್ಳಾರಿ ಬರುತ್ತದೆ, ನಿಘಂಟು ನೋಡಿ ಬೆಳೆದ ನನ್ನಂಥವರು ತಡಕಾಡುತ್ತಾರೆ. ಯಾವ ಕ್ರಮ ಬೇಕೆಂದು ನೀವೇ ನಿಶ್ಚಯಿಸಿ ಬರೆದಿಡಿ. ಇಮೇಜು ಆಲ್ಪೈನಿನದೋ ಡೆಬಿಯನ್ನಿನದೋ ಅನ್ನುವುದರ ಮೇಲೂ ವಿಂಗಡಣೆ ಬದಲಾಗಬಹುದು, ಎರಡರ ಒಳಗಿನ ಸಿ ಲೈಬ್ರರಿಯೇ ಬೇರೆ. ಹಳೆಯ ಗುಮಾಸ್ತರು ಯಾರಾದರೂ ತೂಕವನ್ನು ಕನ್ನಡ ಅಂಕಿಯಲ್ಲಿ ‘೧೨’ ಅಂತ ಒತ್ತಿದರೆ ಒಂದು ತಮಾಷೆ ಕಾದಿದೆ: ನಿನ್ನ ಪೈಥಾನ್ ಅದನ್ನು 12 ಅಂತಲೇ ಓದಿಕೊಳ್ಳುತ್ತದೆ, ಬ್ರೌಸರಿನ ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯೇ ಅಲ್ಲ ಅನ್ನುತ್ತದೆ.

ಇದನ್ನೆಲ್ಲ ಒಂದೊಂದಾಗಿ ನೆನಪಿಟ್ಟುಕೋ ಅಂತ ನಾನು ಹೇಳುತ್ತಿಲ್ಲ, ಪುಟ್ಟಿ. ನೆನಪಿಡುವುದಕ್ಕೆ ಆಗುವುದೂ ಇಲ್ಲ. ನಾನು ಕೇಳುವುದು ಒಂದೇ: ನಿಮ್ಮ ಪರೀಕ್ಷೆಯ ದತ್ತಾಂಶ ಮೊದಲ ಸಾಲಿನಿಂದಲೇ ಕನ್ನಡದಲ್ಲಿರಲಿ. ಹೆಸರು, ಊರು, ಸರಕು ಎಲ್ಲ. ಒತ್ತಕ್ಷರ ತುಂಬಿದ ಹೆಸರು ಒಂದಿಷ್ಟು, ದೀರ್ಘ ಇರುವವು ಒಂದಿಷ್ಟು, ‘ಳ’ ಇರುವ ಊರುಗಳು, ಬೆಳಗಿನ ನಾಲ್ಕು ಗಂಟೆಯ ಲಾರಿಗಳು, ಕನ್ನಡ ಅಂಕಿಯ ಒಂದು ತೂಕ. ಆಗ ಮೇಲೆ ಹೇಳಿದ ದೋಷಗಳು ನಾನು ಕಾಗದ ಬರೆಯದೆಯೂ ತಾವಾಗಿ ಎದ್ದು ಬರುತ್ತವೆ, ಅದೂ ನಿಮ್ಮ ಕೋಣೆಯಲ್ಲೇ, ಮಂಡಿಯ ಗದ್ದಿಗೆಯ ಮುಂದಲ್ಲ. ಕಂಟೇನರಿನಿಂದ ಆಗುವ ನಿಜವಾದ ಉಪಕಾರ ಇದೇ ಅಂತ ನನ್ನ ಭಾವನೆ. ವೇಗವಾಗಿ ಏಳುತ್ತದೆ ಅನ್ನುವುದು ಆಮೇಲಿನ ಮಾತು. ಲ್ಯಾಪ್‌ಟಾಪು ಸದ್ದಿಲ್ಲದೆ ಕೊಡುತ್ತಿದ್ದ ಫಾಂಟು, ಗಡಿಯಾರ, ಭಾಷೆ ಎಲ್ಲವನ್ನೂ ಅದು ಕಿತ್ತುಕೊಂಡು, ಬೇಕಾದ್ದನ್ನು ಬಾಯಿಬಿಟ್ಟು ಕೇಳು ಅನ್ನುತ್ತದೆ. ಇಂಗ್ಲಿಷಿನ ‘ಟೆಸ್ಟ್ ಫಾರ್ಮರ್’ ಇಟ್ಟುಕೊಂಡರೆ ಕೇಳುವ ಸಂದರ್ಭವೇ ಬರುವುದಿಲ್ಲ.

ಮಾಡುವಾಗ ಎರಡು ವಿಚಾರ ಗಮನದಲ್ಲಿರಲಿ. ಪೋಸ್ಟ್‌ಗ್ರೆಸ್ ಇಮೇಜಿನ ‘ಇನಿಟ್‌ಡಿಬಿ’ ಫೋಲ್ಡರಿನಲ್ಲಿ ಇಟ್ಟ ಕಡತಗಳು ಓಡುವುದು ದತ್ತಾಂಶದ ಜಾಗ ಖಾಲಿ ಇದ್ದಾಗ ಮಾತ್ರ. ಹೆಸರುಗಳನ್ನು ಬದಲಾಯಿಸಿ ಮತ್ತೆ ‘ಅಪ್’ ಅಂದರೆ ಹಳೆಯವೇ ಕಾಣುತ್ತವೆ. ‘ಡೌನ್’ ಜೊತೆಗೆ ‘-ವಿ’ ಸೇರಿಸಿದರೆ ವಾಲ್ಯೂಮ್ ಅಳಿಸಿ ಹೊಸದಾಗಿ ಬರುತ್ತದೆ. ಅಲ್ಲಿ ಉಳಿಸಿಕೊಳ್ಳಬೇಕಾದ್ದು ಏನಾದರೂ ಇದ್ದರೆ ಮೊದಲೇ ತೆಗೆದಿಡು, ಆಮೇಲೆ ವಾಪಸ್ ಕೇಳಲು ಯಾರೂ ಇರುವುದಿಲ್ಲ. ಎರಡನೆಯದು, ನಿಜವಾದ ಕನ್ನಡ ಹೆಸರು ಬೇಕು ಅಂತ ಮಂಡಿಯವರ ರೈತರ ಪಟ್ಟಿಯನ್ನೇ ಎತ್ತಿಕೊಂಡು ಬರಬೇಡ. ಅದರಲ್ಲಿ ಅವರ ಫೋನ್ ನಂಬರು, ಬ್ಯಾಂಕ್ ಖಾತೆ ಎಲ್ಲ ಇರುತ್ತದೆ, ಮೂರು ಲ್ಯಾಪ್‌ಟಾಪುಗಳಲ್ಲಿ ಅದು ಓಡಾಡುವುದು ಸರಿಯಲ್ಲ. 2023ರಲ್ಲಿ ದೇಶದಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಬಂದಿದೆ. ಹೆಸರುಗಳಿಗೇನು ಬರವೇ? ನಿನ್ನ ದೊಡ್ಡಮ್ಮನನ್ನು ಕೇಳು, ನಮ್ಮ ಊರಿನ ಹಬ್ಬದ ದಿನ ಪಂಕ್ತಿಯಲ್ಲಿ ಕೂತ ಹಾಗೆ ಸಿದ್ದಲಿಂಗಯ್ಯ, ಲಕ್ಷ್ಮೀದೇವಮ್ಮ, ಚೌಡಪ್ಪ, ಪುಟ್ಟಸ್ವಾಮಿ ಅಂತ ಉಸಿರು ಬಿಡದೆ ಹೇಳುತ್ತಾಳೆ. ಹೆಸರು ಒಬ್ಬರದು, ಊರು ಇನ್ನೊಬ್ಬರದು ಹಾಕಿ ಬೆರೆಸಿಬಿಡು.

ತುಂಬಾ ಬರೆದೆ. ನಿನ್ನ ಕೆಲಸದಲ್ಲಿ ಮೂಗು ತೂರಿಸುತ್ತಿದ್ದೇನೆ ಅನ್ನಿಸಿದರೆ ಹಾಗಂತಲೇ ಹೇಳು, ನನಗೆ ಬೇಸರವಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಎದ್ದಿರಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಮಂಡಿಯವರಿಗೆ ತೋರಿಸುವ ದಿನ ಹತ್ತಿರ ಬಂತು ಅಂದೆಯಲ್ಲ, ಅದಕ್ಕೆ ಮೊದಲು ಆ ಜಾನನ್ನು ತೆಗೆದು ಕೃಷ್ಣಪ್ಪನವರನ್ನು ಸೇರಿಸು, ಚೀಟಿ ತೆಗೆದು ನನಗೊಂದು ಕಳಿಸು. ಚೌಕ ಬಂದರೂ ಸರಿ, ಹಾಗೇ ಕಳಿಸು.

ಇಂತು ನಿನ್ನ ಶ್ರೇಯಸ್ಸನ್ನು ಕೋರುವ,
ದೊಡ್ಡಪ್ಪ